ಹೊರಡುವ ಅರ್ಧ ಗಂಟೆ ಮೊದಲು

ಹೋಬಾರ್ಟಿನ ನೆಲ ಇನ್ನೂ ನಿಂತಿಲ್ಲ.
ಬಂದು ಮೂರು ದಿನವಾಯಿತು,
ಮೂನಾದ ನನ್ನ ಔಷಧಿ ಅಂಗಡಿಯ ಕೌಂಟರು
ಬಲಕ್ಕೆ ವಾಲುತ್ತದೆ, ತಡೆಯುತ್ತದೆ, ಎಡಕ್ಕೆ ಮರಳುತ್ತದೆ;
ಕೆಮ್ಮಿನ ಸಿರಪ್ಪಿನ ಸೀಸೆಗಳು ಮಾತ್ರ
ಏನೂ ಆಗದವರ ಹಾಗೆ ಸಾಲಾಗಿ ನಿಂತಿವೆ.

ಇಪ್ಪತ್ತೆರಡು ವರ್ಷ ಮಾರಿದ್ದೇನೆ ಆ ಮಾತ್ರೆ.
ಹೊರಡುವ ಅರ್ಧ ಗಂಟೆ ಮೊದಲು ಒಂದು,
ಬರಿಹೊಟ್ಟೆ ಬೇಡ, ವೈನ್ ಬೇಡ,
ದಿಗಂತ ನೋಡುತ್ತಿರಿ ಎಂದು
ಮೀನಿಗೆ ಹೊರಟವರಿಗೆ, ಹೊಸ ಮದುವೆಯವರಿಗೆ,
ಬ್ರೂನಿ ದ್ವೀಪದ ದೋಣಿ ಹತ್ತುವ ಶಾಲೆ ಮಕ್ಕಳಿಗೆ
ಹೇಳಿ ಹೇಳಿ ನಾಲಿಗೆಗೆ ಬಾಯಿಪಾಠ.
ಮಾಡಿದ್ದುಣ್ಣೋ ಮಹಾರಾಯ.
ಅರವತ್ತನೆಯ ಅಕ್ಷಾಂಶ ದಾಟಿ ಬಡಗಕ್ಕೆ ತಿರುಗಿದ ರಾತ್ರಿ
ದಿಗಂತವೇ ಕಿಟಕಿಯಲ್ಲಿ ಎದ್ದು ನಿಂತು
ಚಾವಣಿಯಾಚೆ ಹೋಯಿತು.
ಎಲ್ಲಿ ನೋಡಲಿ?

ಹೋಗುವಾಗ ಸಮುದ್ರ ಸಾಧು.
ಜಾಕೆಟ್ಟಿನ ಅಂಚು, ಬೂಟಿನ ಹಲ್ಲು, ವೆಲ್ಕ್ರೋ ಪಟ್ಟಿ
ಎಲ್ಲವನ್ನೂ ಚಿಮುಟದಲ್ಲಿ ಹೆಕ್ಕಿಸಿದರು,
ಹಿಮದ ನೆಲಕ್ಕೆ ನಮ್ಮ ಬೀಜ ಬೀಳಬಾರದಂತೆ.
ನನ್ನ ಜೇಬಿನ ಹೊಲಿಗೆಯಲ್ಲಿ ಸಿಕ್ಕಿತು ಒಂದು ಸಾಸಿವೆ.
ಯಾವ ಒಗ್ಗರಣೆಯಿಂದ ಸಿಡಿದದ್ದೋ!
ಹುಡುಗಿ ಅದನ್ನು ಟೇಪಿಗಂಟಿಸಿ, ತಾರೀಖು ಬರೆದು
ನನ್ನ ಹೆಸರಿನ ಅಕ್ಷರ ಕೇಳಿದಳು.

ಒಂದೇ ಕೋಣೆಗೆ ಗಂಟುಬಿದ್ದವಳು ಗ್ಲೆನಿಸ್,
ಎಪ್ಪತ್ತನಾಲ್ಕು. ಹ್ಯೂಆನ್ ಕಣಿವೆಯ ಶೆಡ್ಡಿನಲ್ಲಿ
ನಲವತ್ತು ವರ್ಷ ಪೆಟ್ಟಿಗೆಗೆ ಸೇಬು ತುಂಬಿದವಳು.
ಗೊರಕೆ ಜೋರು.
ಮೊದಲ ವಾರ ಅವಳನ್ನು ಕಂಡರಾಗುತ್ತಿರಲಿಲ್ಲ, ಸುಳ್ಳೇಕೆ.

ಬರುವಾಗ ಊಟದ ಮನೆಯಲ್ಲಿ ಕುರ್ಚಿಗಳಿಗೆ ಸರಪಳಿ,
ತಟ್ಟೆ ಜಾರದಿರಲೆಂದು ಮೇಜುಬಟ್ಟೆಗೆ ನೀರು.
ಎಂಬತ್ತು ಜನರಲ್ಲಿ ಹನ್ನೊಂದು ಮಂದಿ ಸೂಪಿಗೆ ಬಂದರು,
ಮುಗಿಸಿದವರು ನಾಲ್ಕು.
ಓಣಿಯ ಕಂಬಿಯುದ್ದಕ್ಕೂ ವಾಂತಿಯ ಕಾಗದದ ಚೀಲ
ಹಬ್ಬದ ತೋರಣದ ಹಾಗೆ.
ಹಕ್ಕಿಯ ಪಂಡಿತ ಮಾತ್ರ ಭಾಷಣ ನಿಲ್ಲಿಸಲಿಲ್ಲ;
ಪರದೆಯ ಪೆಂಗ್ವಿನ್‌ಗಳು ನೆಟ್ಟಗಿದ್ದವು, ಅವನೇ ಓರೆ.

ನಮ್ಮ ಕೋಣೆಯ ಮೂರನೆಯ ಡ್ರಾಯರು
ಚಿಲಕ ಮುರಿದು
ತೆರೆಯಿತು. ಮುಚ್ಚಿತು. ತೆರೆಯಿತು.
ಏನೋ ನೆನಪಾಗಿ ಮತ್ತೆ ಮರೆತವರಂತೆ, ಇಡೀ ರಾತ್ರಿ.
ಹಡಗು ಅಲೆಯ ನೆತ್ತಿಯಿಂದ ಬಿದ್ದಾಗ
ಒಂದು ಗಳಿಗೆ ಸದ್ದೇ ಇಲ್ಲ,
ಆಮೇಲೆ ಬುಡದ ಉಕ್ಕಿಗೆ ಗುದ್ದು,
ಹಲ್ಲಿನೊಳಗೆ ಕೇಳಿಸುವ ಗುದ್ದು.
ಹೊಟ್ಟೆಯಲ್ಲಿದ್ದದ್ದೆಲ್ಲ ಹೋಗಿ
ಹೆಸರೊಂದೇ ಬಾಕಿ.
ಸತ್ತರೆ ಸಾಕಪ್ಪ ಎಂದೆ, ಕನ್ನಡದಲ್ಲಿ.
ಅವಳಿಗೆ ಹೇಗೆ ತಿಳಿಯಿತೋ,
ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಕಣೇ
ಎನ್ನುವಂಥದ್ದೇನೋ ಗೊಣಗಿ
ನೆಲಕ್ಕೆ ಕುಂಡೆಯೂರಿ ಜಾರುತ್ತ ಬಂದಳು,
ಮಡಚಿದ ಚಾಕು ಹಲ್ಲಲ್ಲಿ, ಹಸಿರು ಸೇಬು ಕೈಯಲ್ಲಿ.
ಕಾಗದದಷ್ಟು ತೆಳ್ಳಗೆ ಸೀಳಿ, ಉಪ್ಪು ಸವರಿ
ತುಟಿಗಿಟ್ಟಳು. ಚೀಪು. ನುಂಗಬೇಡ.
ಆಮೇಲೆ ಬೆಳಗಿನ ತನಕ ನನ್ನ ಕಣಕಾಲು ಹಿಡಿದೇ ಇದ್ದಳು,
ಪೆಟ್ಟಿಗೆಯಲ್ಲಿ ಹಣ್ಣು ಉರುಳದಂತೆ ಹಿಡಿಯುತ್ತಾರಲ್ಲ, ಹಾಗೆ.
ಕರುಣೆಯೇನಲ್ಲ; ಕಸುಬು.

ಆರನೆಯ ಬೆಳಿಗ್ಗೆ ಡರ್ವೆಂಟಿನ ಬಾಯಿ.
ನೆಲಕ್ಕಿಂತ ಮೊದಲು ನೀಲಗಿರಿ ಮರದ ವಾಸನೆ,
ಆಮೇಲೆ ಬೆಟ್ಟ, ಆಮೇಲೆ
ಧಕ್ಕೆಯಲ್ಲಿ ಹಗ್ಗಕ್ಕೆ ಕಾದ ಹಳದಿ ಅಂಗಿಯವರು.
ಗ್ಲೆನಿಸ್ ಅಳಿಯನ ಟ್ರಕ್ಕು ಹತ್ತಿ ಹೋದಳು.
ನಂಬರು ಕೊಡಲಿಲ್ಲ; ನಾನೂ ಕೇಳಲಿಲ್ಲ.

ಹಿಮ ಹೇಗಿತ್ತು ಎನ್ನುತ್ತಾರೆ ಎಲ್ಲರೂ.
ಫೋಟೊ ತೋರಿಸುತ್ತೇನೆ. ನೀಲಿ, ಬಿಳಿ, ನೀಲಿ.
ಕಾಲುಚೀಲದೊಳಗೆ ನಾಲ್ಕು ಬೆರಳಿನ ಕಂದು ಗುರುತು
ಯಾರಿಗೂ ತೋರಿಸಿಲ್ಲ.

ಇವತ್ತು ಒಬ್ಬ ಹುಡುಗ, ಬೆನ್ನಿಗೆ ಚೀಲ, ಬಿಸಿಲಿಗೆ ಸುಲಿದ ಮೂಗು.
ನಾಳೆ ಹಡಗಂತೆ. ಆ ಡಬ್ಬಿ ತೋರಿಸಿ
ಕೆಲಸ ಮಾಡುತ್ತಾ ಇದು? ಎಂದ.
ಹೊರಡುವ ಅರ್ಧ ಗಂಟೆ ಮೊದಲು ಎನ್ನುವಷ್ಟರಲ್ಲಿ
ಕೌಂಟರು ವಾಲಿತು.
ಅಂಚು ಹಿಡಿದೆ. ಮೇಲಿದ್ದ ಪೆನ್ನು ಉರುಳಲಿಲ್ಲ.
ಎದುರಿನ ಅಂಗಡಿಯಲ್ಲಿ ಹಸಿರು ಸೇಬು ಸಿಗುತ್ತದೆ, ಎಂದೆ,
ಉಪ್ಪು ಮರೆಯಬೇಡ.
ಅವನು ನಕ್ಕು
ಡಬ್ಬಿಗೆ ದುಡ್ಡು ಕೊಟ್ಟ.