ಅರ್ಧಾ ಪಾಳಿ

ಸ್ಟೇಷನ್ನಿನ ಹಿಂದಿನ ಹಳೇ ಜಿನ್ನು ಈಗ ಮ್ಯೂಸಿಯಂ.
ಅರಳಿಯಿಂದ ಕಾಳು ಬಿಡಿಸಿದ ಮಷೀನಿಗೆ
ಎಣ್ಣಿ ಬದಲಿ ವಾರ್ನಿಷ್ ಹಚ್ಯಾರ.
ಬಾಗಲಕ್ಕ ಒಂದು ಹಾಳಿ ಅಂಟಿಸ್ಯಾರ:
ಹದಿನೆಂಟರಿಂದ ಇಪ್ಪತ್ನಾಕರ ಒಳಗಿನವರು ಬೇಕು,
ಕಾರ್ಯಕ್ರಮ ಕಟ್ಟಲಿಕ್ಕೆ. ಹನ್ನೆರಡು ವಾರ.
ತಿಂಗಳಿಗೆ ಏಳು ಸಾವಿರ.

"ಯಾತಕ್ಕ ಏಳು ಸಾವಿರ?" ಅಪ್ಪ ಕೇಳಿದ, ಲಾಳಿ ನಿಲ್ಲಿಸಲಿಲ್ಲ.
"ಹಳೇದು ತೋರಸಾಕ."
"ಹಳೇದು ನಮ್ಮ ಮನ್ಯಾಗೂ ಐತಿ. ನಮಗ ಯಾರು ಕೊಡತಾರ?"

ಆದರೂ ಬೆಟಗೇರಿಯಿಂದ ನಡಕೋತ ಹೋದೆ.
ಆರಿಸಿದ್ದು ನಾಕು ಮಂದಿನ್ನ:
ನಾನು, ಪಾಲಿಟೆಕ್ನಿಕ್ ಅರ್ಧಕ್ಕ ಬಿಟ್ಟ ದಾವಲ ನದಾಫ,
ಮದುವಿ ಫೋಟೋ ತೆಗಿಯೋ ತುಳಜಾಸಾ,
ಏನೂ ಮಾತಾಡದ, ಎಲ್ಲಾ ಬರಕೊಳ್ಳೋ ರತ್ನವ್ವ ಹಾದಿಮನಿ.
ಹೊಂಬಳ ಮೇಡಂ ಪಾಸ್‌ಬುಕ್ಕಿನ ಜೆರಾಕ್ಸ್ ಕೇಳಿದಾಗ
ಒಬ್ಬರ ಮಾರಿ ಒಬ್ಬರು ನೋಡಿದ್ವಿ.
ಅಲ್ಲೀತನಕ ನಮ್ಮನ್ನ ಕರದವರೆಲ್ಲಾ
ಸರ್ಟಿಫಿಕೇಟ್ ಕೊಡತೀವಿ ಅಂದವರ.

ಮೂರು ವಾರ ಕುರ್ಚಿ ಎಣಿಸಿದ್ವಿ, ಹೆಸರಿಟ್ಟು ಅಳಿಸಿದ್ವಿ.
'ಜಿನ್ನಿನ ನೆನಪು' ಅಂದೆ ನಾ.
"ಥೂ, ಸತ್ತವರ ಫಲಕ ಇದ್ದಂಗ ಐತಿ," ಅಂದ ದಾವಲ.
ಆಮ್ಯಾಲ ಅವನ ಹೇಳಿದ: ನಮ್ಮ ಓಣ್ಯಾಗ ಇಮಾಮಬಿ ಅದಾಳ,
ಇಪ್ಪತ್ತೆರಡು ವರ್ಷ ಇಲ್ಲೇ ದುಡದಾಕಿ.
ಆಕಿನ್ನ ಕರಸೂಣು. ಮಾತಾಡತಾಳ.

ಇಮಾಮಬಿ ಜ್ವಾಳ ಹಸನ ಮಾಡಕೋತ ಎಲ್ಲಾ ಕೇಳಿಸಿಕೊಂಡಳು.
"ನಿಮಗ ಎಷ್ಟ ಕೊಡತಾರ?"
ಸುಳ್ಳು ಹೇಳಬಹುದಿತ್ತು.
ರತ್ನವ್ವ, ಆವತ್ತ ಮೊದಲ ಸಲ ಬಾಯಿ ಬಿಟ್ಟಾಕಿ,
"ಏಳು ಸಾವಿರ" ಅಂದ್ಳು.
"ನನ್ನ ಮಾತಿಗೆ ನಿಮಗ ಏಳು ಸಾವಿರ,
ನನಗ ಒಂದು ಶಾಲು?"
ಮರದಾಗಿನ ಹಳ್ಳು ಆರಿಸಿ ನಮ್ಮ ಕಾಲ ಕಡೆ ಒಗದ್ಳು.

ಬ್ಯಾನರ್ ಕಡದ್ವಿ. ಮಿರ್ಚಿ ಮಂಡಕ್ಕಿ ಕಡದ್ವಿ.
ಉದ್ಘಾಟನೆಯ ಸಾಹೇಬರ ಹಾರ, ಹಣ್ಣಿನ ಬುಟ್ಟಿ ಕಡದ್ವಿ,
ಸಾಹೇಬರು ತಾವಾಗೇ ಕಡದುಹೋದರು.
ಉಳಿದದ್ದು ಎಂಟನೂರು.
ಮೇಡಂ ವೋಚರಿನ ಮ್ಯಾಲ 'ಗೌರವಧನ' ಅಂತ ಬರದರು.
"ಏನ್ ಬರದಾರ, ಓದು," ಅಂದ್ಳು ಇಮಾಮಬಿ. ಓದಿದೆ.
"ಗೌರವ ನಮ್ಮ ಮನ್ಯಾಗ ಐತಿ.
ಪಗಾರ ಅಂತ ಬರಿ. ಎಂಟನೂರಕ್ಕ ಅರ್ಧಾ ಪಾಳಿ."
ಆಡಿಟ್ಟಿನವರನ್ನ ನೆನಸಿ ಮೇಡಂ ಪೆನ್ನಿನ ತುದಿ ಕಚ್ಚಿದರು,
ಕಾಟು ಹೊಡದು, ಬರದರು.

ಮೂರಕ್ಕ ಬಂದು ಕುಂತಳು. ಮೈಕು ಸರಿಹೋದದ್ದು ಆರಕ್ಕ.
ಅರವತ್ತು ಕುರ್ಚಿ, ಎಪ್ಪತ್ತೊಂದು ಮಂದಿ.
ಬಾಗಲದಾಗ ನಮ್ಮಪ್ಪ, ಅಂಗಿ ತುಂಬ ನೂಲಿನ ಎಳಿ.
ಮಷೀನ್ ಮೂಸಿ ನೋಡಿ, "ಇದಕ್ಕ ಈ ವಾಸನಿ ಇರಲಿಲ್ಲ" ಅಂದ್ಳು,
ಶುರು ಮಾಡಿದ್ಳು:
ಮೂಗಿನ ತುಂಬ ಧೂಳು, ಅರಳಿ ರಾಶಿ ಮ್ಯಾಲ ಮಲಗಿದ ಕೂಸುಗಳು,
ತೂಕದಾಗ ಬಟ್ಟು ಒತ್ತೋ ಮುಕಾದಮ.
ಒಂದಿನ ಫಕೀರವ್ವನ ಜಡಿ ಪಟ್ಟಾದಾಗ ಸಿಕ್ಕಿತು.
"ನಾ ಕತ್ತರಿ ಹುಡಕೋತ ಓಡಿದೆ, ಓಡಿದೆ..."

ಗ್ವಾಡಿ ಗಡಿಯಾರದಾಗ ಏಳು.
"ಭೋಂಗಾ ಆತು," ಅಂತ ಎದ್ದಳು.

"ಮುಂದ? ಆಕಿ ಉಳದಳೇನು?" ಎಪ್ಪತ್ತೊಂದು ಬಾಯಿ.
ಸೆರಗು ಕೊಡವಿದಳು: "ಮುಂದಿಂದು ಮುಂದಿನ ಪಾಳ್ಯಾಗ."
ಅಪ್ಪ ನಕ್ಕ.
ಮಗ್ಗದ ಸಪ್ಪಳದಾಗ ಆ ನಗಿ ನಾ ಎಂದೂ ಕೇಳಿರಲಿಲ್ಲ.

ಕುರ್ಚಿ ಮಡಚೋದ್ರಾಗ ಹತ್ತು ಹೊಡೀತು.
ರತ್ನವ್ವ ಬಟ್ಟು ಮಡಚಿ ನಮ್ಮ ತಾಸು ಎಣಿಸಿದ್ಳು.
ಮರುದಿನ ಮೇಡಂ ಮೇಜಿನ ಮ್ಯಾಲ ಎರಡು ಅರ್ಜಿ:
ಇಮಾಮಬಿಗೆ ಇನ್ನರ್ಧಾ ಪಾಳಿ, ನಮಗ ಓವರ್‌ಟೈಮ್.
ಒಂದಕ್ಕ ಸಹಿ ಆಗೇತಿ. ಇನ್ನೊಂದಕ್ಕ "ನೋಡೋಣ".

ದಾವಲ ಮಷೀನಿಗೆ ಚೀಟಿ ಅಂಟಿಸ್ಯಾನ:
ಫಕೀರವ್ವನ ಜಡಿ ಇನ್ನೂ ಪಟ್ಟಾದಾಗ ಐತಿ.
ಗುರುವಾರದತನಕ
ಯಾರೂ ಚಾಲೂ ಮಾಡಬ್ಯಾಡ್ರಿ.