ಚೀಟಿಯ ಮೇಲೆ ಚೀಟಿ

ಸ್ವಾನ್‌ಸಿಯ ಬಂದರಿನ ಹಿಂದಣ ಬೀದಿಯಲ್ಲಿ
ಯಿಪ್ ದಂಪತಿಗಳ ಅಂಗಡಿ. ಗೋಡೆಗೆ ದರಪಟ್ಟಿ.
ಒಂದೊಂದು ತಿನಿಸಿನ ಮುಂದೂ ಬಿಳಿ ಚೀಟಿ,
ಚೀಟಿಯ ಮೇಲೆ ಚೀಟಿ,
ವಾಸಿಯಾಗದ ಗಾಯದ ಹಕ್ಕಳೆಯ ಹಾಗೆ ದಪ್ಪ.

ಸರದಿ ಬರುವತನಕ ಉಗುರಿನಲ್ಲಿ ಎಬ್ಬಿಸಿ ನೋಡಿದೆ:
ಒಂಬತ್ತೂವರೆ ಪೌಂಡ್. ಅದರಡಿ ಎಂಟು.
ಅದರಡಿ ಆರು ಎಂಬತ್ತು.
ಎಲ್ಲಕ್ಕಿಂತ ಕೆಳಗೆ, ಮಾಸಿದ ನೀಲಿ ಶಾಯಿಯಲ್ಲಿ,
ನಾಲ್ಕು ಇಪ್ಪತ್ತು,
ರೋಡ್ರಿ ಇನ್ನೂ ಉಕ್ಕಿನ ಕಾರ್ಖಾನೆಗೆ ಹೋಗುತ್ತಿದ್ದ ಕಾಲದ್ದು.
ಯಿಪ್ ಹೆಂಡತಿ ಕೆಮ್ಮಿದಳು. ಕೈ ತೆಗೆದೆ.

ಶುಕ್ರವಾರವೆಂದರೆ ನಮ್ಮ ಮನೆಯಲ್ಲಿ ಅದೇ:
ಕಾಗದದ ಚೀಲ, ತಳದಲ್ಲಿ ಎಣ್ಣೆಯ ಕಲೆ,
ಮೊಟ್ಟೆ ಹುರಿದನ್ನ, ಉಪ್ಪು-ಮೆಣಸಿನ ಚಿಪ್ಸ್, ಹುಳಿಸಿಹಿ ಕೋಳಿ,
ಪುಕ್ಕಟೆ ಬರುತ್ತಿದ್ದ ಸೀಗಡಿ ಹಪ್ಪಳ.
ಪುಕ್ಕಟೆ! ಈಗ ಆ ಗರಿಗರಿ ಗಾಳಿಗೂ ಮೂರು ಪೌಂಡ್.
ಹೋದ ವಾರ ನಾಲ್ವರಿಗೆ ನಲವತ್ತೊಂದಾಯಿತು.
ಶಾಲೆಯ ಅಡುಗೆಮನೆಯಲ್ಲಿ ನಾಲ್ಕು ಗಂಟೆ ತಟ್ಟೆ ತೊಳೆದರೆ
ಕೈಗೆ ಬರುವುದೂ ಹೆಚ್ಚುಕಡಿಮೆ ಅಷ್ಟೇ.
ಅಂದರೆ, ಸೋಮವಾರ ನಾನು ತೊಳೆದಿಟ್ಟ ತಟ್ಟೆಗಳನ್ನೆಲ್ಲ
ಶುಕ್ರವಾರ ಅರ್ಧ ಗಂಟೆಯಲ್ಲಿ ನುಂಗಿ ನೀರು ಕುಡಿದೆವು.

ಸರಿ, ಮನೆಯಲ್ಲೇ ಮಾಡುತ್ತೇನೆ ಎಂದೆ.
ಧರ್ಮಾರ್ಥದ ಹಳೇ ಸಾಮಾನಿನಂಗಡಿಯಲ್ಲಿ
ಹಿಡಿ ಅಲುಗುವ ಬಾಣಲೆ, ಎರಡು ಪೌಂಡ್.
ಸೋಯಾ ಸಾಸ್, ಎಳ್ಳೆಣ್ಣೆ, ಅಕ್ಕಿಯ ವಿನೆಗರ್,
ಐದು ಮಸಾಲೆಯ ಪುಡಿ, ಬೆರಳು ಮಡಿಚಿದಂಥ ಶುಂಠಿ.
ರೋಡ್ರಿ ಬಿಲ್ಲನ್ನು ಬೆಳಕಿಗೆ ಹಿಡಿದ:
"ದುಡ್ಡು ಉಳಿಸಲಿಕ್ಕೆಂದೇ ಮೂವತ್ತು ಪೌಂಡ್ ಕಳೆದವಳು
ಇಡೀ ವೇಲ್ಸಿನಲ್ಲಿ ನೀನೊಬ್ಬಳೇ."

ಮೊದಲ ಸಲ ಅನ್ನ ಅಂಟು.
ಕ್ಯಾರಿಸ್ ಮುಳ್ಳುಚಮಚ ಚುಚ್ಚಿ ಎತ್ತಿದಳು,
ಬಾಣಲೆಯೂ ಜೊತೆಗೆದ್ದಿತು.
ಎರಡನೇ ಸಲ ಹೊಗೆ. ಅಲಾರಂ ಕಿರುಚಿದ ಕಿರುಚಿಗೆ
ಮೇಲಿನ ಮನೆಯ ಟೆಗ್ವಿನ್ ತಾತ
ಒಳಚಡ್ಡಿಯಲ್ಲೇ ಬೀದಿಗಿಳಿದ.
ಅವನಿಗೂ ಒಂದು ತಟ್ಟೆ ಹಾಕಿದೆವು.
ತಿಂದ. ಏನೂ ಅನ್ನಲಿಲ್ಲ.
ಉಪ್ಪು ಕೇಳಿದ.

ಮೂರನೆಯ ಶುಕ್ರವಾರ ನಾಚಿಕೆ ಬಿಟ್ಟು ಹೋಗಿ ನಿಂತೆ.
"ಬರೀ ಕರಿ ಸಾಸ್. ಚಿಕ್ಕ ಡಬ್ಬಿ."
ಹದಿನೆಂಟು ವರ್ಷದ ಗಿರಾಕಿಯ ಅಂಗೈಯಲ್ಲಿ
ಎಣಿಸಿ ತಂದ ಚಿಲ್ಲರೆ.
"ಮನೆಯಲ್ಲಿ ಮಾಡ್ತೀರಾ?"
ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆಯಾಡಿಸಿದೆ.
"ಅನ್ನ?"
"ಮುದ್ದೆಯಾಗುತ್ತೆ."
"ನಿನ್ನೆಯದು ಹಾಕಿ. ತಣ್ಣಗಿರಬೇಕು.
ಇವತ್ತಿನ ಅನ್ನಕ್ಕೆ ಇನ್ನೂ ಬುದ್ಧಿ ಬಲಿತಿರೋಲ್ಲ."

ಅವಳ ಹೆಗಲಾಚೆ ಆರು ಒಲೆ. ಉರಿಯುತ್ತಿದ್ದದ್ದು ಎರಡು.
ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿದ ಗ್ಯಾಸಿನ ಬಿಲ್ಲು,
ಯಾವ ತಿಂಗಳೋ ಕಾಣದ ಹಾಗೆ.
ಎಣ್ಣೆ ಡ್ರಮ್ಮಿನ ಬೆಲೆ ಹೇಳಿದಳು, ಯಾರನ್ನೂ ಬೈಯದೆ,
ಹವಾಮಾನ ಹೇಳುವವರಂತೆ.
ಆಮೇಲೆ ದನಿ ತಗ್ಗಿಸಿ:
"ಭಾನುವಾರ ನಾವು ಮೀನು-ಚಿಪ್ಸ್ ತರಿಸ್ತಿದ್ವಿ.
ಈಗ ಎಲ್ಲಿ ಆಗುತ್ತೆ? ನಾನೇ ಕರೀತೀನಿ.
ಹಿಟ್ಟು ಮೆತ್ತಗಾಗಿಬಿಡುತ್ತೆ."

ಇದು ನನ್ನ ತಾಯಿಯ ಕೈಯಿಂದ ಬಂದ ವಿದ್ಯೆ.
ಕೌಂಟರಿನ ಮೇಲೆ ಮೊಣಕೈಯೂರಿದೆ.
"ನೀರು ಬೇಡ, ಬಿಯರ್ ಹಾಕಿ. ಮಂಜಿನಷ್ಟು ತಣ್ಣಗಿರಲಿ.
ಕಲಸಬೇಡಿ ಜಾಸ್ತಿ. ಗಂಟಿದ್ದರೆ ಇರಲಿ."
ಅವಳು ಚೀಟಿ ಹರಿದು ಬರೆದುಕೊಂಡಳು,
ಬೆಲೆ ಬರೆಯುವ ಅದೇ ಬಿಳಿ ಚೀಟಿ.

ಆ ರಾತ್ರಿ ಅನ್ನ ಬಿಡಿಬಿಡಿಯಾಗಿ ಬಂತು.
ನಮ್ಮ ಕರೆಂಟಿನ ಒಲೆಗೆ ನಾಲಿಗೆಯಿಲ್ಲ,
ಅಂಗಡಿಯ ಆ ಸುಟ್ಟ ಘಮ ಬರಲಿಲ್ಲ.
"ಅಲ್ಲಿಯದರ ಹಾಗಿಲ್ಲ," ಅಂದ ಚಿಕ್ಕವ ಯೆಸ್ಟಿನ್,
ಮೂರನೇ ಸಲ ಬಡಿಸಿಕೊಳ್ಳುತ್ತ.
ಬಾಣಲೆ ಉಜ್ಜಿದವಳು ನಾನೇ. ಇದಕ್ಕೆ ಕೂಲಿಯಿಲ್ಲ.

ಅವರ ಮೀನಿನ ಹಿಟ್ಟು ಗರಿಗರಿಯಾಯಿತೋ ಇಲ್ಲವೋ
ಕೇಳಬೇಕು.
ಕೇಳಲು ಹೋದರೆ ಏನಾದರೂ ಕೊಳ್ಳಬೇಕು.