ಕಾಲು ಬಂದ ಕಿಂಡಿ

ಪಂದ್ಯದ ಹಿಂದಿನ ಸಂಜೆ ಪಾಲಯ್ಯ ಮೇಷ್ಟ್ರು
ಹಳೆ ಪೇಪರಿನ ಮೇಲೆ ನಮ್ಮನ್ನು ಹರಡಿದರು:
ಹಿಂದೆ ನಾಲ್ಕು ಮಂಡಕ್ಕಿ ಕಾಳು, ಸಾಲಾಗಿ;
ಎದುರಿಗೆ ದಾವಣಗೆರೆಯವರು, ಮೂರು ಮಿರ್ಚಿ.
"ಇದು ನೀನು" ಅಂದು ಒಂದು ಕಾಳಿಗೆ ಬೆರಳಿಟ್ಟರು.
ನಾನು ನನ್ನನ್ನು ನೋಡಿದೆ.
ಫ್ಯಾನು ಹಾಕಿದರೆ ಹಾರಿಹೋಗುವಷ್ಟಿದ್ದೆ.

ಮಿರ್ಚಿಯ ಎಣ್ಣೆ ಮೆಲ್ಲಗೆ ಪೇಪರಿಗಿಳಿದು
ನನಗೂ ದಾದಾಪೀರನಿಗೂ ನಡುವೆ ಕಲೆಯಾಗಿ ಹರಡಿತು.
"ನೋಡ್ರೋ, ಹಿಂಗೆ ಬರ್ತದೆ ಪಾಸು.
ಆಳು ಬರೋಕೆ ಮುಂಚೆ ಜಾಗ ಬರ್ತದೆ."

ಅವರ ಕಾಲದ ಆಟ ಬೇರೆ.
ಒದ್ದ ಚೆಂಡು ಆಕಾಶಕ್ಕೆ ಹೋಗಿ,
ಅಲ್ಲಿ ಸ್ವಲ್ಪ ಯೋಚಿಸಿ, ಇಳಿಯುತ್ತಿತ್ತು.
ಅಷ್ಟರಲ್ಲಿ ಸ್ಟಾಪರ್ ಒಂದು ಬೀಡಿ ಸೇದಬಹುದಿತ್ತು,
ಅವರೇ ಹೇಳಿದ್ದು. ಎದೆ ಕೊಟ್ಟು ನಿಂತರೆ ಸಾಕು, ಕೋಟೆ.
ಈಗಿನ ಹುಡುಗರ ಕಾಲಿಗೆ ಚೆಂಡು ಬಾಣಲೆಯಿಂದ ತೆಗೆದ ಬೋಂಡಾ.
ಹಿಡಿದವನೇ ಇಲ್ಲ.
ಮುಟ್ಟಿದ, ಕೊಟ್ಟ, ಓಡಿದ.

ಈ ದುರ್ಗದಲ್ಲಿ ಹುಟ್ಟಿದವರಿಗೆ
ಕಾಯುವುದನ್ನು ಹೇಳಿಕೊಡಬೇಕಿಲ್ಲವಂತೆ.
ಬಹುಮಾನ ಕೊಡಲು ಬಂದ ಅತಿಥಿಗಳೆಲ್ಲ
ಬೆಟ್ಟದ ಕಡೆ ಕೈ ತೋರಿಸುತ್ತಾರೆ;
ಅದೇ ಕಿಂಡಿ, ಅದೇ ಒನಕೆ.
ಗೋಲು ಕಾಯುವ ಕಾಟಲಿಂಗನ ಮನೆ ಕೋಟೆಯ ಬುಡದಲ್ಲೇ.
ಅವನಂದ: "ಒಂದೇ ಕಿಂಡಿ ಆಗಿದ್ರೆ ನಾನೂ ನಿಲ್ತಿದ್ದೆ ಕಣೋ,
ಅದೂ ನಿಂತಲ್ಲೇ ನಿಂತ ಕಿಂಡಿ.
ಇದಕ್ಕೆ ಕಾಲು ಬಂದಿದೆ."

ಮೊದಲ ಹತ್ತು ನಿಮಿಷ ನಾನು ಚೆಂಡನ್ನೇ ನೋಡಿದೆ.
ಗೋಲು.
ಆಮೇಲೆ ಏಳನೇ ನಂಬರಿನವನನ್ನು ನೋಡಿದೆ,
ಅವನ ಸೊಂಟ, ಅವನ ಉಸಿರು, ಬಿಚ್ಚಿದ ಲೇಸು.
ಮದುವೆ ಮನೆಯಲ್ಲಿ ಮಾತಿಗೆಳೆದು
ಪಕ್ಕಕ್ಕೆ ಕರೆದೊಯ್ಯುವ ದೂರದ ನೆಂಟನ ಹಾಗೆ
ಅವನು ನನ್ನನ್ನು ಮೂಲೆಗೆ ನಡೆಸಿಕೊಂಡು ಹೋದ;
ನಾನೆದ್ದ ಜಾಗದಲ್ಲಿ ಇನ್ಯಾರೋ ಬಂದು
ಆರಾಮಾಗಿ ಊಟಕ್ಕೆ ಕೂತ.
ಎರಡು.

ವಿರಾಮದಲ್ಲಿ ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ.
ನಿಂಬೆ ಹೋಳು ಹಂಚಿದರು.
"ಆಳೂ ಬ್ಯಾಡ, ಚೆಂಡೂ ಬ್ಯಾಡ" ಅಂದರು ಕೊನೆಗೆ,
"ಖಾಲಿ ಎಲ್ಲಿದೆ ನೋಡು. ಅದರ ಮೇಲೆ ನಿಲ್ಲು."

ಖಾಲಿಯ ಮೇಲೆ ನಿಲ್ಲುವುದು ಹೇಗೆ?
ನಿಂತ ಕೂಡಲೇ ಅದು ಖಾಲಿಯಲ್ಲ,
ಬಿಟ್ಟು ಬಂದದ್ದು ಖಾಲಿ.
ಮೋಟು ಕಂಬಳಿ: ತಲೆಗೆಳೆದರೆ ಕಾಲಿಗಿಲ್ಲ.
ಜೋಗಿಮಟ್ಟಿಯ ಕಡೆಯಿಂದ ಗಾಳಿ ಬೇರೆ.

ಒಂದೇ ಒಂದು ಸಲ, ಎಪ್ಪತ್ತನೆಯ ನಿಮಿಷವಿರಬೇಕು,
ಅವರ ಎಂಟನೇ ನಂಬರು ತಲೆ ಎತ್ತುವ ಮೊದಲೇ
ಅವನು ನೋಡಲಿದ್ದುದನ್ನು ನಾನು ನೋಡಿದೆ.
ಒಂದು ಹೆಜ್ಜೆ ಇಟ್ಟೆ, ಅಷ್ಟೇ.
ಚೆಂಡು ತಾನಾಗಿ ನನ್ನ ಕಾಲಿಗೆ ಬಂತು,
ವಿಳಾಸ ತಪ್ಪಿದ ಕಾಗದದಂತೆ.
ಆಗದೇ ಹೋದ ಗೋಲಿಗೆ ಚಪ್ಪಾಳೆ ತಟ್ಟುವವರುಂಟೆ?
ದಾದಾಪೀರ್ ಮಾತ್ರ "ಹಾಂ" ಅಂದ.

ಮೂರು ಸೊನ್ನೆ. ಮೂರನೆಯದರ ಬಗ್ಗೆ ಕೇಳಬೇಡಿ.

ರೂಮಿಗೆ ಬಂದರೆ ಆ ಪೇಪರು ಇನ್ನೂ ಮೇಜಿನ ಮೇಲಿತ್ತು.
ನಮ್ಮ ಹಿಂದಿನ ಸಾಲನ್ನು ಇರುವೆಗಳು ಹೊರುತ್ತಿದ್ದವು,
ಒಂದರ ಬಾಯಿಂದ ಒಂದಕ್ಕೆ, ಎಲ್ಲೂ ನಿಲ್ಲದೆ.
ಎಣ್ಣೆಯ ಕಲೆ ಒಣಗಿ
ಕಾಗದ ಅಲ್ಲಿ ಗಾಜಿನಂತಾಗಿತ್ತು.
ಮೇಷ್ಟ್ರು ಅದನ್ನೆತ್ತಿ ಬಲ್ಬಿಗೆ ಹಿಡಿದು
ಆ ಕಡೆ ಏನಿದೆಯೆಂದು
ಒಂದು ಕಣ್ಣು ಮುಚ್ಚಿ ನೋಡಿದರು.